ಐಇಎಲ್‌ಟಿಎಸ್ ಸ್ಪೀಕಿಂಗ್, ಸಂಗೀತದ ಪ್ರಶ್ನೆ ಮತ್ತು ನಮ್ಮಜ್ಜಿಯ ಬೀಸುಕಲ್ಲು

ನಮ್ಮೂರು ಕುಂದಗೋಳದ ಹತ್ತಿರ. ನಾನು ಹುಬ್ಬಳ್ಳಿಯಲ್ಲಿ ನರ್ಸ್. ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕಂದ್ರೆ ಅಲ್ಲಿಯ ನರ್ಸ್‌ಗಳ ಮಂಡಳಿ ಎನ್‌ಎಂಸಿಯಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಆದರೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಬೇಕು. ಮೊದಲ ಸಲ ನನಗೆ ಸ್ಪೀಕಿಂಗ್‌ನಲ್ಲಿ ಬಂದದ್ದು 6. ಕೈ ಕೊಟ್ಟದ್ದು ಸಂಗೀತದ ಬಗ್ಗೆ ಕೇಳಿದ ಪ್ರಶ್ನೆ.

ಕೋಚಿಂಗ್ ಕ್ಲಾಸಿನಲ್ಲಿ ಸಂಗೀತದ ಮೇಲೆ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿದ್ದ ‘ಸೂದಿಂಗ್ ಮೆಲಡಿ’, ‘ರಿಜುವನೇಟ್ಸ್ ಮೈ ಸೋಲ್’ ಎಲ್ಲ ಬಾಯಿಪಾಠ ಮಾಡಿದ್ದೆ. ಮೇಲೆ ನಮ್ಮ ಕಡೆಯ ಒಗ್ಗರಣೆ ಬೇರೆ ಹಾಕಿದ್ದೆ: ನಮ್ಮ ಕುಂದಗೋಳದವರು ಗಾಯಕ ಸವಾಯಿ ಗಂಧರ್ವರು, ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ ಇಬ್ಬರಿಗೂ ಅವರೇ ಗುರು, ನನಗೆ ಹಿಂದೂಸ್ತಾನಿ ಅಂದ್ರೆ ಪ್ರಾಣ. ಗುರುಗಳ ವಿಷಯ ನಿಜ. ಪ್ರಾಣದ ವಿಷಯ ಸುಳ್ಳು. ಪರೀಕ್ಷಕರು ತಣ್ಣಗೆ ಮುಂದಿನ ಪ್ರಶ್ನೆ ಕೇಳಿದರು: ಎಂದಾದರೂ ಎದುರಿಗೆ ಕೂತು ಸಂಗೀತ ಕೇಳಿದ್ದೀರಾ? ಕುಂದಗೋಳದ ನಾಡಿಗೇರ ವಾಡೆಯಲ್ಲಿ ವರ್ಷಾ ವರ್ಷಾ ಸಂಗೀತೋತ್ಸವ ನಡೆಯುತ್ತದೆ. ಬಸ್ಸು ಹತ್ತಿದರೆ ಅಷ್ಟು ಹತ್ತಿರ. ಒಂದು ಸಲವೂ ಹೋಗಿರಲಿಲ್ಲ. ‘ಯೆಸ್... ನೋ... ಆಕ್ಚುಲಿ...’ ಅಂತ ತಡವರಿಸಿದೆ. ಆಮೇಲೆ ಮಾತು ಹಳಿಗೆ ಬರಲೇ ಇಲ್ಲ.

ಮನೆಗೆ ಬಂದ ಮೇಲೆ ಅಂಕ ಹೇಗೆ ಕೊಡುತ್ತಾರೆ ಅಂತ ಸರಿಯಾಗಿ ಓದಿದೆ. ಅದನ್ನು ಮೊದಲೇ ಮಾಡಬೇಕಿತ್ತು, ಇರಲಿ. ಇಡೀ ಮಾತುಕತೆ ಮೂರು ಭಾಗ, 11ರಿಂದ 14 ನಿಮಿಷ. ನೋಡುವುದು ನಾಲ್ಕೇ: ತಡೆಯಿಲ್ಲದೆ ಹೊಂದಿಸಿ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ಪಾಲು. ಸಂಗೀತ ಎಷ್ಟು ಗೊತ್ತು ಅನ್ನುವುದಕ್ಕೆ ಅಂಕವೇ ಇಲ್ಲ! ಹಾಗಿದ್ದ ಮೇಲೆ ಸುಮ್ನೆ ರಸಿಕಳ ವೇಷ ಯಾಕೆ ಹಾಕಬೇಕು? ನನಗೆ ನಿಜವಾಗಿ ಗೊತ್ತಿದ್ದ ಸಂಗೀತ ಒಂದೇ, ಅಜ್ಜಿಯ ಬೀಸೋ ಪದ. ಬೆಳಗಿನ ಜಾವ ಜೋಳ ಬೀಸುತ್ತ ಅಜ್ಜಿ ಹಾಡುತ್ತಿದ್ದಳು. ಕಲ್ಲಿನ ಗುರ್ ಸದ್ದಿನ ಜೊತೆಗೇ ನಮಗೆ ಎಚ್ಚರ ಆಗುತ್ತಿತ್ತು. ಅದನ್ನೇ ಹಿಡಿದುಕೊಂಡೆ.

ಮೊದಲ ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಒಂದರಿಂದ ಎರಡು ನಿಮಿಷ ಮಾತಾಡಬೇಕಾದ ಕಡೆ 48 ಸೆಕೆಂಡಿಗೆ ಸರಕು ಖಾಲಿ. ಅಷ್ಟರಲ್ಲೇ ‘ಆಕ್ಚುಲಿ’ 11 ಸಲ. ನನ್ನ ದನಿ ನಾನೇ ಕೇಳುವುದು ಅಂದ್ರೆ ಎಷ್ಟು ಮುಜುಗರ! ಆದರೆ ತಪ್ಪು ಸಿಕ್ಕಿದ್ದೆಲ್ಲ ಅಲ್ಲೇ. ಮತ್ತೆ ಮತ್ತೆ ಕೇಳಿದಾಗ ಒಂದು ವಿಷಯ ಹೊಳೆಯಿತು. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದಿಂದ ನೇರವಾಗಿ ಇಳಿದು ಬಂದವು.

ನಮ್ಮಲ್ಲಿ ‘ಕೇಳು’ ಒಂದೇ ಪದ. ಸದ್ದು ಕೇಳುತ್ತದೆ, ಹಾಡು ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಅದು ಹಿಯರ್, ಲಿಸನ್, ಆಸ್ಕ್ ಅಂತ ಮೂರು ಕಡೆ ಒಡೆಯುತ್ತದೆ. ನಾನು ‘ಐ ಆಮ್ ಹಿಯರಿಂಗ್ ಸಾಂಗ್ಸ್ ಡೈಲಿ’ ಅಂದಿದ್ದೆ. ‘ಐ ಲಿಸನ್ ಟು’ ಆಗಬೇಕಿತ್ತು, ಆ ‘ಟು’ ಬಿಡುವ ಹಾಗಿಲ್ಲ. ನಮ್ಮ ಕಡೆ ‘ಒಂದು ಹಾಡು ಹೇಳವ್ವಾ’ ಅನ್ನುತ್ತೇವೆ. ಹಾಗಾಗಿ ನನ್ನ ಅಜ್ಜಿ ರೆಕಾರ್ಡಿಂಗ್‌ನಲ್ಲಿ ‘ಟೆಲ್ಲಿಂಗ್ ಸಾಂಗ್ಸ್’. ವಾದ್ಯಗಳ ವಿಷಯದಲ್ಲಿ ಇದು ಉಲ್ಟಾ. ನಾವು ತಬಲಾ ಬಾರಿಸುತ್ತೇವೆ, ಕೊಳಲು ಊದುತ್ತೇವೆ, ವೀಣೆ ನುಡಿಸುತ್ತೇವೆ. ಅವರಿಗೆ ಎಲ್ಲವೂ ಬರೀ ‘ಪ್ಲೇ’. ಇಷ್ಟು ಬಡ ಪದವಾ ಅನ್ನಿಸಿತು, ಆದರೆ ಕಲಿಯಲು ಸುಲಭ. ಭಜನೆಯಲ್ಲಿ ತಬಲಾ ಬಾರಿಸುವ ಅಣ್ಣನನ್ನು ‘ಬೀಟಿಂಗ್ ದ ತಬಲಾ’ ಅಂತ ಹೇಳಿ ಬೈಸಿಕೊಂಡದ್ದು ಬೇರೆ ಕಥೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ‘ಹಾಡುತ್ತಿದ್ದಳು’. ನಾನು ಪ್ರತಿ ಸಲ ‘ಶಿ ವಾಸ್ ಸಿಂಗಿಂಗ್’ ಅನ್ನುತ್ತಿದ್ದೆ. ಅದರ ಅರ್ಥ ಆ ಒಂದು ಹೊತ್ತಿನಲ್ಲಿ ಹಾಡುತ್ತಿದ್ದಳು ಅಂತ. ದಿನಾ ಹಾಡುವ ರೂಢಿ ಇತ್ತು, ಈಗಿಲ್ಲ ಅನ್ನಲು ‘ಶಿ ಯೂಸ್ಡ್ ಟು ಸಿಂಗ್’ ಬೇಕು. ಒಂದು ಸಲ ಅದನ್ನು ಹೇಳಿದ ಮೇಲೆ ‘ಶಿ ವುಡ್ ಗೆಟ್ ಅಪ್ ಅಟ್ ಫೋರ್, ಶಿ ವುಡ್ ಸಿಟ್ ಬೈ ದ ಸ್ಟೋನ್’ ಅಂತ ಮುಂದುವರಿಸಬಹುದು. ಈ ಒಂದು ಪಾಠಕ್ಕೇ ನನಗೆ ಒಂದು ವಾರ ಹಿಡಿಯಿತು.

ಉಚ್ಚಾರದಲ್ಲಿ ‘ಮ್ಯೂಸಿಕ್’ ಪದವೇ ತಪ್ಪಿತ್ತು. ನಡುವೆ ಇರುವುದು ನಮ್ಮ ‘ಸ’ ಅಲ್ಲ, ಜೇನುನೊಣ ಗುಂಯ್‌ಗುಡುವ ಹಾಗೆ ಗಂಟಲು ಅದುರಬೇಕು. ಕತ್ತಿನ ಮೇಲೆ ಬೆರಳಿಟ್ಟು ಅಭ್ಯಾಸ ಮಾಡಿದೆ. ‘ಎಂಜಾಯ್’ ಹೇಳುವಾಗ ಮುಂದೆ ಒಂದು ‘ಯ’ ನುಸುಳಿ ‘ಯೆಂಜಾಯ್’ ಆಗುತ್ತಿತ್ತು. ನೈಟ್ ಡ್ಯೂಟಿಯಲ್ಲಿ ಸ್ಟೋರ್ ರೂಮಿಗೆ ಹೋಗಿ ಇವನ್ನೇ ಗುನುಗುತ್ತಿದ್ದೆ. ಜೊತೆಯವರು ಏನಂದುಕೊಂಡರೋ.

ಇನ್ನು ಬೀಸೋ ಪದಕ್ಕೆ ಇಂಗ್ಲಿಷ್ ಏನು? ಡಿಕ್ಷನರಿ ಎಲ್ಲ ತಿರುವಿ ಹಾಕಿದೆ. ಆಮೇಲೆ ಗೊತ್ತಾಯಿತು, ಪದ ಸಿಗದಿದ್ದಾಗ ಬಿಡಿಸಿ ಹೇಳುವುದನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಒಂದು ಸಾಲು ಕಟ್ಟಿಕೊಂಡೆ: ‘ಇಟ್ಸ್ ಅ ಕೈಂಡ್ ಆಫ್ ಸಾಂಗ್ ದಟ್ ವಿಮೆನ್ ಯೂಸ್ಡ್ ಟು ಸಿಂಗ್ ವೈಲ್ ಗ್ರೈಂಡಿಂಗ್ ಗ್ರೇನ್’. ಮೂರು ಮೂರು ಸಾಲಿನ ಪದ, ಕಲ್ಲು ತಿರುಗುವ ಲಯಕ್ಕೇ ಹಾಡಿನ ಲಯ, ಮೊದಲು ಕಲ್ಲಿಗೇ ನಮಸ್ಕಾರ, ಆಮೇಲೆ ತವರುಮನೆ, ಅಣ್ಣ ತಮ್ಮ, ಅತ್ತೆಯ ಕಾಟ. ಬಿಡಿಸಿ ಹೇಳುತ್ತ ಹೋದರೆ ಎರಡು ನಿಮಿಷ ಸಾಲಲಿಲ್ಲ!

ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡ್ ಕೊಟ್ಟು ಯೋಚಿಸಲು ಒಂದು ನಿಮಿಷ ಬಿಡುತ್ತಾರೆ, ಪೆನ್ಸಿಲ್ ಹಾಳೆ ಇರುತ್ತದೆ. ಆ ನಿಮಿಷದಲ್ಲಿ ವಾಕ್ಯ ಬರೆಯಲು ಹೋಗಿ ಮೊದಲ ಸಲ ಕೆಟ್ಟಿದ್ದೆ. ಈಗ ಐದೇ ಪದ: ಸ್ಟೋನ್, ಫೋರ್ ಎಎಮ್, ಥ್ರೀ ಲೈನ್ಸ್, ಮಿಲ್, ಸೈಲೆನ್ಸ್. ಅಕ್ಕನ ಮಗ ಪಿಯುಸಿ ಓದುತ್ತಿದ್ದ. ಅವನೇ ಪರೀಕ್ಷಕ, ಕೈಯಲ್ಲಿ ಟೈಮರ್. ದಿನಾ ಒಂದೇ ಪ್ರಶ್ನೆ ಕೇಳಬೇಡ, ತಿರುಚಿ ಕೇಳು ಅಂತ ಹೇಳಿದ್ದೆ. ‘ಮೌಶಿ, ಆ ಹಾಡು ನಿನಗೆ ಬೇಜಾರು ಆಗಿತ್ತೇನು ಅಂತ ಕೇಳ್ಲಿ?’ ಅಂದ. ಆ ಪ್ರಶ್ನೆ ಯಾವ ಹಾಳೆಯಲ್ಲೂ ಇರಲಿಲ್ಲ. ಉತ್ತರ ಮಾತ್ರ ಸರಾಗ ಬಂತು: ಹೌದು, ಪರೀಕ್ಷೆಯ ದಿನಗಳಲ್ಲಿ ನಿದ್ದೆ ಹಾಳಾಗುತ್ತಿತ್ತು, ಬೈಕೊಳ್ಳುತ್ತಿದ್ದೆ.

ಮೂರನೇ ಭಾಗದಲ್ಲಿ ಹಳೆಯ ಹಾಡುಗಳು ಯಾಕೆ ಮರೆಯಾಗುತ್ತಿವೆ ಎನ್ನುವಂಥ ಪ್ರಶ್ನೆ ಬರಬಹುದು. ಹಾಳೆಯಲ್ಲಿ ಇದ್ದದ್ದು ‘ವೆಸ್ಟರ್ನ್ ಕಲ್ಚರ್’ ಅನ್ನುವ ಉತ್ತರ. ನಮ್ಮೂರಲ್ಲಿ ಆದದ್ದು ಅದಲ್ಲ. ಹಿಟ್ಟಿನ ಗಿರಣಿ ಬಂತು. ಕೆಲಸ ಹೋಯಿತು, ಕೆಲಸದ ಜೊತೆ ಹಾಡೂ ಹೋಯಿತು. ಹಾಗಂತ ನಸುಕಿನಲ್ಲಿ ಎದ್ದು ಜೋಳ ಬೀಸುವುದು ಸುಖವಾ? ಅಜ್ಜಿಯ ರಟ್ಟೆ ನೋವು ನಾನು ನೋಡಿದ್ದೇನೆ. ಗಿರಣಿ ಬಂದದ್ದು ಒಳ್ಳೆಯದೇ, ಹಾಡು ಹೋದದ್ದು ಬೇಸರ. ಈ ಎರಡನ್ನೂ ಒಟ್ಟಿಗೆ ಹೇಳಲು ‘ಆಲ್ದೋ’ ತಾನಾಗೇ ಬಂತು. ಅದರ ಮೇಲೆ ಬೇರೆ ವ್ಯಾಕರಣ ಅಭ್ಯಾಸ ಮಾಡಲೇ ಇಲ್ಲ.

ಎರಡನೇ ಸಲ ಹೋದಾಗ ಸಂಗೀತ ಬರಲೇ ಇಲ್ಲ. ಮೊದಲ ಭಾಗದಲ್ಲಿ ಹವಾಮಾನ, ಕೆಲಸ. ಕಾರ್ಡ್ ತಿರುಗಿಸಿದರೆ, ನಿಮ್ಮ ಮನೆಯಲ್ಲಿರುವ ಒಂದು ಹಳೆಯ ವಸ್ತುವಿನ ಬಗ್ಗೆ ಹೇಳಿ ಅಂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅದೇ ಕಲ್ಲು, ಅದೇ ನಾಲ್ಕು ಗಂಟೆ, ಅದೇ ಗಿರಣಿ. ಪರೀಕ್ಷಕರೇ ಸಾಕು ಅಂತ ನಿಲ್ಲಿಸಬೇಕಾಯಿತು. ಸ್ಪೀಕಿಂಗ್‌ನಲ್ಲಿ 7.5 ಬಂತು.

ಊರಿಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ನಿನ್ನ ಪದದಿಂದಲೇ ಪಾಸಾದೆ, ಇನ್ನು ಇಂಗ್ಲೆಂಡಿಗೆ ಹೋಗಬಹುದು ಅಂದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತ ಕೇಳಿದಳು: ‘ಅಲ್ಲೇನು ಜ್ವಾಳಾ ಬೀಸಾಕ ಹೊಂಟೀಯೇನಬೇ?’