ಹತ್ತು ಜನಕ್ಕೆ ಗಡ್‌ಬಡ್, ಗಡಿಬಿಡಿ ಇಲ್ಲದೆ

ಎರಡು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಭಾನುವಾರ, ಹತ್ತು ಜನ ಗೆಳೆಯರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಊಟ ಮುಗಿಯಿತು. ಟೇಬಲ್ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟೆ, ಫ್ರೀಜರ್‌ನಿಂದ ಐಸ್‌ಕ್ರೀಂ ಡಬ್ಬಿಗಳನ್ನು ತೆಗೆದೆ, ಆಮೇಲೆ ಹಣ್ಣು ಹೆಚ್ಚಲು ಕೂತೆ. ಅಲ್ಲೇ ಎಡವಿದ್ದು. ಸೇಬು ಹೆಚ್ಚಿ ಮುಗಿಸುವಷ್ಟರಲ್ಲಿ ವೆನಿಲ್ಲಾ ಡಬ್ಬಿಯ ಅಂಚಿನಲ್ಲಿ ನೀರಾಡುತ್ತಿತ್ತು. ಏಳನೇ ಲೋಟ ತುಂಬುವಾಗ ಮೊದಲನೇ ಲೋಟ ಮಿಲ್ಕ್‌ಶೇಕ್ ಆಗಿತ್ತು. ಯಾರೂ ಬೈಯಲಿಲ್ಲ. ಸುಮ್ನೆ ಸ್ಟ್ರಾ ಕೇಳಿದರು.

ಅವತ್ತಿನಿಂದ ನಾನು ಊಟದ ಹೊತ್ತಿಗೆ ಯಾವ ಕೆಲಸವನ್ನೂ ಉಳಿಸಿಕೊಳ್ಳುವುದಿಲ್ಲ. ಐಸ್‌ಕ್ರೀಂ ಪಾರ್ಟಿಯಲ್ಲಿ ಕೈರುಚಿ ಬೇಕಾಗುವುದು ಸ್ವಲ್ಪ, ಮುಂಚಿನ ತಯಾರಿ ಬೇಕಾಗುವುದು ಜಾಸ್ತಿ. ನಾನು ಮಾಡುವುದು ಕರಾವಳಿಯ ಗಡ್‌ಬಡ್. ಉದ್ದ ಲೋಟದಲ್ಲಿ ಜೆಲ್ಲಿ, ಹಣ್ಣು, ಒಣಹಣ್ಣು, ಮೂರು ಬಗೆಯ ಐಸ್‌ಕ್ರೀಂ, ಉದ್ದ ಚಮಚ. ಉಡುಪಿಯ ಡಯಾನಾ ಹೋಟೆಲ್‌ನಲ್ಲಿ ಇದು ಹುಟ್ಟಿತು ಎನ್ನುವವರೇ ಹೆಚ್ಚು. ಮಂಗಳೂರಿನವರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ, ಅದು ಬೇರೆ ಮಾತು. ಅಲ್ಲಿ 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಂನವರ ಪಬ್ಬಾಸ್‌ನಲ್ಲಿ ಗಡ್‌ಬಡ್ ತಿನ್ನದೆ ರಜೆ ಮುಗಿಯಿತು ಅಂತ ಎಷ್ಟೋ ಮಕ್ಕಳಿಗೆ ಅನ್ನಿಸುವುದೇ ಇಲ್ಲ.

ಮೊದಲು ಅಂಗಡಿ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ವನಸ್ಪತಿ ಎಣ್ಣೆಯ ಕೊಬ್ಬು ಇರುತ್ತದೆ. 'ಐಸ್‌ಕ್ರೀಂ' ಎಂದಿದ್ದರೆ ಹಾಲಿನ ಕೊಬ್ಬು. ಗಡ್‌ಬಡ್‌ಗೆ ನನಗೆ ಎರಡನೆಯದೇ ಬೇಕು, ಎಣ್ಣೆಯದು ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ಇನ್ನೊಂದು ಉಪಾಯ: ಒಂದೇ ಅಳತೆಯ ಎರಡು ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ನೋಡಿ. ಐಸ್‌ಕ್ರೀಂ ಮಾರುವುದು ಲೀಟರ್ ಲೆಕ್ಕದಲ್ಲಿ, ಒಳಗೆ ಗಾಳಿಯೂ ಇರುತ್ತದೆ. ಭಾರ ಇರುವ ಡಬ್ಬಿಯಲ್ಲಿ ಗಾಳಿ ಕಡಿಮೆ.

ಲೆಕ್ಕ ಹೀಗೆ. ಒಂದು ಉಂಡೆಗೆ ಸುಮಾರು 60 ಎಂಎಲ್. ಒಬ್ಬರಿಗೆ ಮೂರು ಉಂಡೆ, ಹತ್ತು ಜನಕ್ಕೆ ಮೂವತ್ತು. ಸ್ಟ್ರಾಬೆರಿ ಮತ್ತು ಪಿಸ್ತಾ 700 ಎಂಎಲ್‌ನ ಒಂದೊಂದು ಡಬ್ಬಿ ಸಾಕು. ವೆನಿಲ್ಲಾ ಮಾತ್ರ ಎರಡು ಲೀಟರ್ ತನ್ನಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಬರುವಾಗ ದಾರಿಯಲ್ಲಿ ತರಕಾರಿ ಅಂಗಡಿಗೆ ಹೋಗಬೇಡಿ. ಅರ್ಧ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಂನಲ್ಲಿ ಮಂಜಿನ ಹರಳು ದೊಡ್ಡದಾಗಿ, ತಿನ್ನುವಾಗ ಕರಕರ ಎನ್ನುತ್ತದೆ.

ಹಿಂದಿನ ದಿನ ಸಂಜೆ ಎರಡು ಕೆಲಸ. ಒಂದು ಜೆಲ್ಲಿ. ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಅರ್ಧ ಲೋಟ ನೀರು ಕಡಿಮೆ ಹಾಕಿ, ಅಗಲ ತಟ್ಟೆಗೆ ಹುಯ್ದು ಫ್ರಿಜ್‌ನಲ್ಲಿಡಿ. ಸ್ವಲ್ಪ ಗಟ್ಟಿ ಇದ್ದರೆ ಐಸ್‌ಕ್ರೀಂ ಭಾರಕ್ಕೆ ಒಡೆಯುವುದಿಲ್ಲ. ಸಸ್ಯಾಹಾರಿ ಗೆಳೆಯರಿದ್ದರೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ, ಇಲ್ಲವೇ ಚೈನಾ ಗ್ರಾಸ್ ತನ್ನಿ. ಜೆಲಟಿನ್ ಅಂದರೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು.

ಎರಡನೆಯದು ಅನಾನಸ್. ಇದನ್ನು ಹಸಿಯಾಗಿ ಐಸ್‌ಕ್ರೀಂ ಜೊತೆ ಬೆರೆಸಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಹಣ್ಣು ಕೆಟ್ಟಿದೆ ಅಂತ ನಾನು ಒಂದು ಸಲ ಅಂಗಡಿಯವರ ಜೊತೆ ಜಗಳ ಮಾಡಿದ್ದೆ, ಪಾಪ. ತಪ್ಪು ಹಣ್ಣಿನದ್ದಲ್ಲ. ಅನಾನಸ್‌ನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಕಹಿ ಬರುವುದು ಅದರಿಂದ. ಬಿಸಿ ತಾಗಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಸಣ್ಣ ಹಣ್ಣೊಂದನ್ನು ಹೆಚ್ಚಿ, ನಾಲ್ಕು ಚಮಚ ಸಕ್ಕರೆ ಹಾಕಿ, ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಆರಿದ ಮೇಲೆ ಫ್ರಿಜ್‌ಗೆ. ಆ ಪಾಕವನ್ನು ಚೆಲ್ಲಬೇಡಿ, ಲೋಟದ ತಳಕ್ಕೆ ಒಂದು ಚಮಚ ಬೀಳಬೇಕು. ಪಪ್ಪಾಯಿ, ಕಿವಿ ಹಣ್ಣಿಗೂ ಇದೇ ಬುದ್ಧಿ. ಅವನ್ನು ಬೇಯಿಸುವ ಬದಲು ಬಿಟ್ಟುಬಿಡುವುದೇ ಸುಲಭ.

ಪಾರ್ಟಿಯ ದಿನ ಬೆಳಿಗ್ಗೆ ಉಂಡೆ ತೆಗೆಯುವ ಕೆಲಸ. ಹೌದು, ಬೆಳಿಗ್ಗೆಯೇ. ಇಷ್ಟು ಮಾಡಿದರೆ ಮುಕ್ಕಾಲು ಪಾರ್ಟಿ ಗೆದ್ದ ಹಾಗೆ. ಒಂದು ಸ್ಟೀಲ್ ತಟ್ಟೆಗೆ ಬಟರ್ ಪೇಪರ್ ಹಾಸಿ ಅರ್ಧ ಗಂಟೆ ಮೊದಲೇ ಫ್ರೀಜರ್‌ನಲ್ಲಿಡಿ. ಐಸ್‌ಕ್ರೀಂ ಡಬ್ಬಿಯನ್ನು ಹತ್ತು ನಿಮಿಷ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ. ಹೊರಗೆ ಬೇಡ, ಹೊರಗಿಟ್ಟರೆ ಅಂಚು ನೀರಾಗಿ ನಡುವೆ ಕಲ್ಲಾಗೇ ಇರುತ್ತದೆ. ಪಾತ್ರೆಯಲ್ಲಿ ಬಿಸಿನೀರು ಇಟ್ಟುಕೊಂಡು, ಸ್ಕೂಪನ್ನು ಅದ್ದಿ, ಬಟ್ಟೆಯಲ್ಲಿ ಒರೆಸಿ. ಒರೆಸುವುದನ್ನು ಮರೆಯಬೇಡಿ, ನೀರಿನ ಹನಿ ಉಂಡೆಯ ಮೇಲೆ ಮಂಜುಗಡ್ಡೆಯಾಗುತ್ತದೆ. ಈಗ ಡಬ್ಬಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಎಳೆಯಿರಿ. ಚಾಪೆ ಸುತ್ತಿದ ಹಾಗೆ ಐಸ್‌ಕ್ರೀಂ ತಾನೇ ಸುರುಳಿಯಾಗಿ ಉಂಡೆಯಾಗುತ್ತದೆ. ಮುದ್ದೆ ಕಟ್ಟುವವರ ಹಾಗೆ ಒತ್ತಲು ಹೋಗಬೇಡಿ, ಒತ್ತಿದರೆ ಗಾಳಿ ಹೋಗಿ ಅಂಟಂಟಾಗುತ್ತದೆ. ಮನೆಯಲ್ಲಿ ಸ್ಕೂಪ್ ಇಲ್ಲದಿದ್ದರೆ ಗಟ್ಟಿ ಹಿಡಿಯ ದೊಡ್ಡ ಚಮಚ ಸಾಕು. ತೆಳು ಚಮಚ ಬಾಗುತ್ತದೆ, ನನ್ನ ಹತ್ತಿರ ಬಾಗಿದವು ಮೂರಿವೆ.

ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ, ಮೇಲೆ ಮುಚ್ಚಿ, ಕನಿಷ್ಠ ಎರಡು ಗಂಟೆ ಫ್ರೀಜರ್‌ನಲ್ಲಿಡಿ. ಮುಚ್ಚಲೇಬೇಕು. ಐಸ್‌ಕ್ರೀಂ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬಂಗುಡೆ ಮೀನಿನ ಪಕ್ಕ ಕೂತ ಪಿಸ್ತಾ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಲೋಟಗಳೂ ಫ್ರಿಜ್‌ನಲ್ಲಿರಲಿ. ಸೇಬು, ದ್ರಾಕ್ಷಿಯನ್ನು ಹೆಚ್ಚಿ ಸ್ವಲ್ಪ ನಿಂಬೆರಸ ಸವರಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಬಾಳೆಹಣ್ಣು ಕೊನೆಗೆ. ಗೋಡಂಬಿ ಹುರಿದು ಆರಿಸಿ, ಖರ್ಜೂರ ಸಣ್ಣಗೆ ಹೆಚ್ಚಿ. ಬೀಜ ಯಾರಿಗಾದರೂ ಒಗ್ಗುವುದಿಲ್ಲವಾ ಎಂದು ಮೊದಲೇ ಕೇಳಿಬಿಡಿ.

ಬಡಿಸುವಾಗ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತಳಕ್ಕೆ ಅನಾನಸ್ ಪಾಕ, ಮೇಲೆ ಎರಡು ಚಮಚ ಜೆಲ್ಲಿ, ಸ್ಟ್ರಾಬೆರಿ ಉಂಡೆ, ಹಣ್ಣು, ಪಿಸ್ತಾ ಉಂಡೆ, ಒಣಹಣ್ಣು, ಕೊನೆಗೆ ವೆನಿಲ್ಲಾ, ಮೇಲೆ ಟೂಟಿ ಫ್ರೂಟಿ, ಒಂದು ಚೆರ್ರಿ. ಇಬ್ಬರು ಸೇರಿದರೆ ಐದಾರು ನಿಮಿಷದಲ್ಲಿ ಹತ್ತು ಲೋಟ ಆಗುತ್ತದೆ. ಮೇಲೆ ಚಾಕೊಲೇಟ್ ಸಾಸ್ ಹುಯ್ಯುವವರಿದ್ದಾರೆ. ನನಗೆ ಹಿಡಿಸುವುದಿಲ್ಲ, ಹಣ್ಣಿನ ರುಚಿಯೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಬೇಸಿಗೆ ಅಂದಮೇಲೆ ಕರೆಂಟ್ ಹೋಗಬಹುದು. ಫ್ರೀಜರ್ ಬಾಗಿಲು ತೆಗೆಯದಿದ್ದರೆ ಒಂದೆರಡು ಗಂಟೆಗೆ ಹೆದರಬೇಕಾಗಿಲ್ಲ. ತೆಗೆಯಲೇಬೇಕಾದರೆ ಬಕೆಟ್‌ಗೆ ಮೂರು ಕೆಜಿ ಐಸ್ ಪುಡಿ ಮಾಡಿ ಹಾಕಿ, ಒಂದು ಕೆಜಿ ಕಲ್ಲುಪ್ಪು ಬೆರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಉಂಡೆಗಳನ್ನಿಟ್ಟು ಅದರೊಳಗೆ ಹೂತಿಡಿ. ಉಪ್ಪು ಬಿದ್ದ ಐಸ್ ಬೇಗ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಬಕೆಟ್ ಸೊನ್ನೆ ಡಿಗ್ರಿಗಿಂತಲೂ ಎಷ್ಟೋ ಕೆಳಗೆ ಹೋಗುತ್ತದೆ. ಹಿಂದೆ ಮರದ ಬಕೆಟ್‌ನಲ್ಲಿ ಹಿಡಿ ತಿರುಗಿಸಿ ಐಸ್‌ಕ್ರೀಂ ಮಾಡುತ್ತಿದ್ದುದೂ ಇದೇ ಉಪ್ಪು-ಐಸ್ ಬಲದಿಂದ.

ಇನ್ನು ಉಳಿದ ವೆನಿಲ್ಲಾ. ಸಿಹಿ ಜಾಸ್ತಿ ಬೇಡ ಎನ್ನುವವರಿಗೆ ಸಣ್ಣ ಬಟ್ಟಲಲ್ಲಿ ಒಂದು ಉಂಡೆ ಹಾಕಿ, ಅದರ ಮೇಲೆ ಬಿಸಿ ಗಟ್ಟಿ ಡಿಕಾಕ್ಷನ್ ಎರಡು ದೊಡ್ಡ ಚಮಚ ಹುಯ್ದು ತಕ್ಷಣ ಕೊಡಿ. ಇಟಲಿಯವರು ಇದಕ್ಕೆ ಅಫೊಗಾಟೊ ಅನ್ನುತ್ತಾರೆ, 'ಮುಳುಗಿದ್ದು' ಅಂತ ಅರ್ಥ. ಅವರದ್ದು ಎಸ್ಪ್ರೆಸ್ಸೊ. ನಮ್ಮ ಹಿತ್ತಾಳೆ ಫಿಲ್ಟರ್‌ನ ಮೊದಲ ಡಿಕಾಕ್ಷನ್ ಏನೂ ಕಡಿಮೆಯಿಲ್ಲ. ಮಾವು ಬಂದಿದ್ದರೆ ಸೀಕರಣೆ ಮಾಡಿ ತಣ್ಣಗಿಟ್ಟು ಅದರೊಳಗೆ ಒಂದು ಉಂಡೆ ತೇಲಿಬಿಡಿ. ಬಾದಾಮಿಗಿಂತ ರಸಪುರಿ ಇದಕ್ಕೆ ಚೆಂದ, ರಸ ಜಾಸ್ತಿ. ಅಂಗಡಿಯ ಹೋಳಿಗೆಯನ್ನು ತುಪ್ಪ ಸವರಿ ಕಾವಲಿ ಮೇಲೆ ಬಿಸಿ ಮಾಡಿ, ಮೇಲೆ ವೆನಿಲ್ಲಾ ಇಟ್ಟು ಕೊಟ್ಟರೂ ಆಯಿತು. ಹಿರಿಯರು ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ಇನ್ನೊಂದು ಕೇಳುತ್ತಾರೆ.

ಪಾರ್ಟಿ ಮುಗಿದ ಮೇಲೆ ಡಬ್ಬಿಯಲ್ಲಿ ಕರಗಿ ಉಳಿದದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಹೊರಗೆ ಸೆಕೆಯಲ್ಲಿ ಗಂಟೆಗಟ್ಟಲೆ ಕೂತಿದ್ದರೆ ಚೆಲ್ಲಿಬಿಡಿ. ಈಗಷ್ಟೇ ಕರಗಿದ್ದಾದರೆ ತಣ್ಣನೆ ಹಾಲು ಹುಯ್ದು ಮಿಕ್ಸಿಗೆ ಹಾಕಿ. ಸ್ಟ್ರಾ ಎಲ್ಲಿದೆ ಅಂತ ನನ್ನ ಗೆಳೆಯರಿಗೆ ಗೊತ್ತು.