ಡೀಫಾಲ್ಟ್ ಜಾಮೀನು: 61ನೇ ದಿನ ಬೆಳಿಗ್ಗೆಯೇ ಅರ್ಜಿ ಹಾಕಿ

ಆರೋಪಿ ಕಸ್ಟಡಿಯಲ್ಲಿದ್ದು, ಪೊಲೀಸರು ಕಾನೂನು ಹೇಳಿದ ಅವಧಿಯೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕು, ನ್ಯಾಯಾಲಯದ ಕೃಪೆಯಲ್ಲ. ಇದೇ ಡೀಫಾಲ್ಟ್ ಜಾಮೀನು. ಅಪರಾಧ ಎಷ್ಟು ಗಂಭೀರ ಎಂಬ ವಾದಕ್ಕೆ ಇಲ್ಲಿ ಜಾಗವೇ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3)ನೇ ಕಲಂ ಪ್ರಕಾರ ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಯಂಥ ವಿಶೇಷ ಕಾಯ್ದೆಗಳಲ್ಲಿ ಲೆಕ್ಕ ಬೇರೆ.

ಹೆಚ್ಚಿನವರು ಎಡವುವುದು ಎಣಿಕೆಯಲ್ಲೇ. ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲು ರಿಮ್ಯಾಂಡ್ ಮಾಡಿದ (ಕಸ್ಟಡಿಗೆ ಒಪ್ಪಿಸಿದ) ದಿನದಿಂದ, ಆ ದಿನವನ್ನೂ ಸೇರಿಸಿ ಎಣಿಸಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಜುಲೈ 1ಕ್ಕೆ ರಿಮ್ಯಾಂಡ್ ಆಗಿದ್ದರೆ ಆಗಸ್ಟ್ 29ಕ್ಕೆ 60 ದಿನ ಮುಗಿಯಿತು. 30ರಂದು ಕೋರ್ಟ್ ಕಚೇರಿ ತೆರೆಯುತ್ತಿದ್ದಂತೆ ಅರ್ಜಿ ಕೊಡಿ.

ಅರ್ಜಿ ಒಂದೇ ಪುಟವಿದ್ದರೂ ಸಾಕು: ಅಪರಾಧ ಸಂಖ್ಯೆ, ಕಲಂಗಳು, ರಿಮ್ಯಾಂಡ್ ದಿನಾಂಕ, ಜೊತೆಗೆ 'ಜಾಮೀನು ಒದಗಿಸಲು ಸಿದ್ಧ' ಎಂಬ ಸಾಲು. ಸ್ವೀಕೃತಿ ಮುದ್ರೆಯ ಪಕ್ಕ ಗಂಟೆಯನ್ನೂ ಬರೆಸಿಕೊಳ್ಳಿ. ಮಧ್ಯಾಹ್ನ ಆರೋಪಪಟ್ಟಿ ಬಂದರೆ ನಿಮ್ಮ ಅರ್ಜಿ ಮೊದಲು ಬಂದಿತ್ತೆಂಬುದಕ್ಕೆ ಅದೇ ಸಾಕ್ಷಿ. ಮೊದಲು ಬಂದ ಅರ್ಜಿಯ ಹಕ್ಕು ಆಮೇಲಿನ ಆರೋಪಪಟ್ಟಿಯಿಂದ ಹೋಗದು. ಆರೋಪಪಟ್ಟಿ ಬಂದ ಮೇಲೆ ಅರ್ಜಿ ಕೊಟ್ಟರೆ ಹಕ್ಕು ಕೈತಪ್ಪುತ್ತದೆ.

ಶ್ಯೂರಿಟಿ ಕೊಡುವವರನ್ನು (ಜಾಮೀನುದಾರರನ್ನು) ಹಿಂದಿನ ದಿನವೇ ದಾಖಲೆ ಸಮೇತ ಸಿದ್ಧಪಡಿಸಿ. ಆದೇಶವಾದ ಮೇಲೂ ಕೊಟ್ಟ ಗಡುವಿನೊಳಗೆ ಬಾಂಡ್ ಬರೆದುಕೊಡದಿದ್ದರೆ ಗೆದ್ದ ಜಾಮೀನೂ ಉಳಿಯದು.