ಅಗೆಯುವುದಕ್ಕೆ ಮೊದಲು ಕೇಳುವುದನ್ನು ಕಲಿತ ಆರು ವಾರ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಮೂಲನಿವಾಸಿ ಬುಡಕಟ್ಟೊಂದರ ಪರಂಪರೆ ಸಂರಕ್ಷಣಾ ಕಚೇರಿಯೊಂದಿಗೆ ನಾನು ಆರು ವಾರ ಪುರಾತತ್ತ್ವದ ಕ್ಷೇತ್ರಕಾರ್ಯ ಕಲಿತೆ. ಬುಡಕಟ್ಟಿನ ಹೆಸರನ್ನಾಗಲಿ ಸ್ಥಳದ ಗುರುತನ್ನಾಗಲಿ ಇಲ್ಲಿ ಹೇಳುವುದಿಲ್ಲ. ಜಾಗ ಬಯಲಾದರೆ ಕಳ್ಳರು ಬಂದು ಅಗೆಯುತ್ತಾರೆ ಎಂಬ ಕಾರಣಕ್ಕೆ ಅಂಥ ಮಾಹಿತಿಯನ್ನು ಗುಟ್ಟಾಗಿಡಲು ಅಲ್ಲಿನ ಕಾನೂನೇ ಅವಕಾಶ ಕೊಡುತ್ತದೆ. ಅದಕ್ಕೂ ಮಿಗಿಲಾಗಿ, ಮೊದಲ ದಿನ ನಾವೆಲ್ಲ ಸಹಿ ಹಾಕಿದ ಕಾಗದದಲ್ಲಿ ಆ ಮಾತು ಇತ್ತು.

ಅಲ್ಲಿಗೆ ಹೋಗುವ ಮೊದಲೇ ನನಗೆ ಅಗೆತದ ಅಭ್ಯಾಸವಿತ್ತು. ಒಂದು ಮೀಟರ್ ಚೌಕದ ಗುಂಡಿಗೆ ದಾರ ಕಟ್ಟುವುದು, ಹತ್ತು ಹತ್ತು ಸೆಂಟಿಮೀಟರಿನಂತೆ ಇಳಿಯುವುದು, ಮಣ್ಣನ್ನು ಜರಡಿ ಹಿಡಿಯುವುದು, ಮನ್ಸೆಲ್ ಪುಸ್ತಕದ ಬಣ್ಣದ ಚೌಕಗಳ ಪಕ್ಕದಲ್ಲಿ ಹಸಿ ಮಣ್ಣಿನ ಉಂಡೆಯನ್ನಿಟ್ಟು ಬಣ್ಣದ ಸಂಖ್ಯೆ ಬರೆದುಕೊಳ್ಳುವುದು, ಇದೆಲ್ಲ ಕೈಗೆ ಒಗ್ಗಿತ್ತು. ಹಾಗಾಗಿ ಮೊದಲ ವಾರ ಪೂರ್ತಿ ಕರಣೆಯನ್ನು ಚೀಲದಿಂದ ಹೊರಗೆ ತೆಗೆಯಲು ಬಿಡದಿದ್ದಾಗ ಒಳಗೊಳಗೇ ಅಸಹನೆಯಾಯಿತು.

ಆ ವಾರ ನಾವು ನಡೆದೆವು. ಸಾಲಾಗಿ ನಿಂತು, ಕಣ್ಣು ನೆಲಕ್ಕಿಟ್ಟು, ಹೆಜ್ಜೆಹೆಜ್ಜೆಗೂ ನಿಲ್ಲುತ್ತಾ ನಡೆದೆವು. ಜ್ವಾಲಾಮುಖಿಯ ಗಾಜಾದ ಅಬ್ಸಿಡಿಯನ್ನಿನ ಕಪ್ಪು ಚಕ್ಕೆಯೊಂದು ಕಂಡರೆ ಅದರ ಸ್ಥಾನವನ್ನು ಗುರುತಿಸಿ, ಅಳತೆ ತೆಗೆದು, ಚಿತ್ರ ಬರೆದು, ಮತ್ತೆ ಅದೇ ಜಾಗದಲ್ಲಿ ಅದೇ ಮಗ್ಗುಲಿಗೆ ಇಟ್ಟು ಮುಂದೆ ಹೋಗಬೇಕಿತ್ತು. ಮೀನು ಹಿಡಿದು ನೀರಿಗೇ ಬಿಡುವವರ ಮಾತನ್ನು ಎರವಲು ಪಡೆದು ಈ ಕ್ರಮಕ್ಕೆ ಅಲ್ಲಿ ‘ಹಿಡಿದು ಬಿಡುವುದು’ ಎನ್ನುತ್ತಾರೆ. ನೆಲದೊಳಗಿನದನ್ನು ತಿಳಿಯಲು ರೇಡಾರ್ ಗಾಡಿಯನ್ನು ಎಳೆದಾಡಿದೆವು. ಆದರೆ ಒದ್ದೆಯಾದ ಜೇಡಿಮಣ್ಣು ಅದರ ಅಲೆಗಳನ್ನು ನುಂಗಿಬಿಡುತ್ತದೆ, ಆದ್ದರಿಂದ ತಗ್ಗಿನ ಕಡೆ ನಮಗೆ ದಕ್ಕಿದ್ದು ಬೂದುಬಣ್ಣದ ಪಟ್ಟೆಗಳು ಮಾತ್ರ. ಕೊನೆಗೆ ಅಗೆಯಲೇಬೇಕು ಎನಿಸಿದ ಮೂರು ಜಾಗಗಳ ಪಟ್ಟಿ ಬುಡಕಟ್ಟಿನ ಕಚೇರಿಗೆ ಹೋಯಿತು. ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಗೆ 1992ರಲ್ಲಿ ಆದ ತಿದ್ದುಪಡಿಯ ನಂತರ, ರಾಜ್ಯದ ಸಂರಕ್ಷಣಾಧಿಕಾರಿ ಮಾಡುತ್ತಿದ್ದ ಕೆಲಸವನ್ನು ತಮ್ಮ ನೆಲದ ಮಟ್ಟಿಗೆ ಬುಡಕಟ್ಟುಗಳೇ ವಹಿಸಿಕೊಳ್ಳಬಹುದು. ನಮ್ಮ ಪಟ್ಟಿಯಲ್ಲಿ ಎರಡಕ್ಕೆ ಒಪ್ಪಿಗೆ ಬಂತು, ಒಂದಕ್ಕೆ ಬರಲಿಲ್ಲ. ಕಾರಣವನ್ನು ಅವರು ಹೇಳಲಿಲ್ಲ. ಕಾರಣ ಕೇಳುವ ಹಕ್ಕು ನಮಗಿದೆ ಎಂದುಕೊಂಡಿದ್ದವನು ನಾನೊಬ್ಬನೇ ಇರಬೇಕು.

ಈ ಎಚ್ಚರಿಕೆ ಎಲ್ಲಿಂದ ಬಂತೆಂದು ನಮ್ಮೊಡನಿದ್ದ ಹಿರಿಯ ಮಹಿಳೆಯೊಬ್ಬರನ್ನು ಒಂದು ಸಂಜೆ ಕೇಳಿದೆ. ಅವರು ಕೆನ್ನೆವಿಕ್ ಎಂಬ ಒಂದೇ ಹೆಸರು ಹೇಳಿದರು. ವಾಷಿಂಗ್ಟನ್ ರಾಜ್ಯದ ಆ ಊರಿನಲ್ಲಿ ಕೊಲಂಬಿಯಾ ನದಿಯ ದಡದಲ್ಲಿ 1996ರಲ್ಲಿ ಸಿಕ್ಕಿದ ಸುಮಾರು 8,500 ವರ್ಷ ಹಳೆಯ ಅಸ್ಥಿಗಳನ್ನು ಬುಡಕಟ್ಟುಗಳು ತಮ್ಮ ಪೂರ್ವಜರದೆಂದು ಕೇಳಿದವು. ಮೂಲನಿವಾಸಿಗಳ ಸಮಾಧಿ ಮತ್ತು ಅವಶೇಷಗಳನ್ನು ಮರಳಿಸುವ ಕಾಯ್ದೆ 1990ರಿಂದಲೇ ಜಾರಿಯಲ್ಲಿದ್ದರೂ, 2004ರಲ್ಲಿ ನ್ಯಾಯಾಲಯ ಅಧ್ಯಯನ ಮಾಡಬಯಸಿದ ವಿಜ್ಞಾನಿಗಳ ಪರವಾಗಿ ತೀರ್ಪು ಕೊಟ್ಟಿತು. 2015ರಲ್ಲಿ ಡಿಎನ್ಎ ಪರೀಕ್ಷೆ ಬುಡಕಟ್ಟುಗಳ ಮಾತನ್ನೇ ಎತ್ತಿಹಿಡಿದ ಮೇಲೆ, 2017ರ ಫೆಬ್ರವರಿಯಲ್ಲಿ ಆ ಅಸ್ಥಿಗಳು ಮತ್ತೆ ಮಣ್ಣಿಗೆ ಸೇರಿದವು. ಇಪ್ಪತ್ತು ವರ್ಷಕ್ಕೂ ಮಿಕ್ಕ ಕಾಲ ಒಬ್ಬ ಹಿರಿಯರು ಪೆಟ್ಟಿಗೆಯಲ್ಲಿದ್ದರು ಎಂದು ಆಕೆ ಹೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ. ಅವರು ಮನೆಯವರೊಬ್ಬರ ಬಗ್ಗೆ ಮಾತಾಡುತ್ತಿದ್ದರು. ಬೇರೆ ಬಗೆಯಲ್ಲಿ ನಡೆದ ಕೆಲಸವೂ ಅದೇ ರಾಜ್ಯದಲ್ಲಿದೆ. 1970ರ ಚಳಿಗಾಲದ ಬಿರುಗಾಳಿ ಒಜೆಟ್ ಹಳ್ಳಿಯ ಹೂತುಹೋದ ಮನೆಗಳನ್ನು ತೆರೆದಿಟ್ಟಾಗ ಮಕಾ ಬುಡಕಟ್ಟಿನವರೇ ಪುರಾತತ್ತ್ವಜ್ಞ ರಿಚರ್ಡ್ ಡಾಹರ್ಟಿಯನ್ನು ಕರೆಸಿದರು. ಹನ್ನೊಂದು ವರ್ಷಗಳಲ್ಲಿ ಸಿಕ್ಕ ಸುಮಾರು 55,000 ವಸ್ತುಗಳು ದೂರದ ವಿಶ್ವವಿದ್ಯಾಲಯಕ್ಕೆ ಹೋಗದೆ ನೀಯಾ ಬೇಯಲ್ಲಿ ಅವರದೇ ವಸ್ತುಸಂಗ್ರಹಾಲಯದಲ್ಲಿ ಉಳಿದವು.

ಎರಡನೆಯ ವಾರ ಮೊದಲ ಗುಂಡಿ ತೆಗೆದೆವು. ಮೂವತ್ತು ಸೆಂಟಿಮೀಟರ್ ಆಳದಲ್ಲಿ ಮಸಿಮಣ್ಣು, ಇದ್ದಿಲ ಚೂರು, ಅವುಗಳ ನಡುವೆ ಬೆಂಕಿಗೆ ಬಿರಿದ ಕಲ್ಲುಗಳು ತುಂಬಿಕೊಂಡಿದ್ದವು. ಇವನ್ನು ಎಣಿಸಿ, ತೂಗಿ, ಎಸೆದುಬಿಡುವುದು ನಾನು ಕಲಿತಿದ್ದ ಪದ್ಧತಿ. ಹಾಗೆಯೇ ಮಾಡಿದೆ. ಒಂದು ಬಕೆಟ್ ಕಲ್ಲನ್ನು ತೂಗಿ, ಸಂಖ್ಯೆ ಬರೆದುಕೊಂಡು, ಜರಡಿಯ ಪಕ್ಕದ ಮಣ್ಣಿನ ಗುಡ್ಡೆಗೆ ಸುರಿದೆ.

ಆ ಹಿರಿಯರು ಗುಡ್ಡೆಯ ಪಕ್ಕ ಕುಳಿತು, ಒಂದೊಂದೇ ಕಲ್ಲನ್ನು ಎತ್ತಿ, ಅಂಗೈಯಲ್ಲಿ ಹೊರಳಿಸಿ ಮೂರು ಪಾಲು ಮಾಡತೊಡಗಿದರು. ಮುಷ್ಟಿ ಗಾತ್ರದವು ಒಂದು ಕಡೆ, ಮೊಟ್ಟೆ ಗಾತ್ರದವು ಇನ್ನೊಂದು ಕಡೆ, ಅಂಚು ಚೂಪಾದ ಚೂರುಗಳು ಮತ್ತೊಂದು ಕಡೆ. “ಗಡ್ಡೆ ಬೇಯಿಸಿದ್ದೀಯಾ ನೀನು?” ಎಂದು ಕೇಳಿದರು. ಇಲ್ಲ ಎಂದೆ. ನೀಲಿ ಹೂವಿನ ಕ್ಯಾಮಸ್ ಗಿಡದ ಗಡ್ಡೆಯಲ್ಲಿರುವ ಇನ್ಯುಲಿನ್ ಎಂಬ ಪಿಷ್ಟದಂಥ ಪದಾರ್ಥ ಹಸಿಯಾಗಿ ತಿಂದರೆ ಜೀರ್ಣವಾಗುವುದಿಲ್ಲ. ಕಾದ ಕಲ್ಲುಗಳ ಮೇಲೆ ಎಲೆ ಹಾಸಿ, ಗಡ್ಡೆ ಸುರಿದು, ಮೇಲೆ ಮಣ್ಣು ಮುಚ್ಚಿ ಒಂದೆರಡು ದಿನ ಬೇಯಲು ಬಿಟ್ಟರೆ ಅದು ಸಿಹಿಯಾಗುತ್ತದೆ. ಕಲ್ಲು ಪ್ರತಿ ಸಲ ಕಾದು ತಣಿದಾಗಲೂ ಸ್ವಲ್ಪ ಬಿರಿಯುತ್ತದೆ. ತೀರಾ ಚಿಕ್ಕದಾದಾಗ ಶಾಖ ಹಿಡಿದಿಡಲಾರದು, ಆಗ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ. ಒಲೆಯನ್ನು ಒಂದು ಬೇಸಿಗೆಯಲ್ಲಿ ಉರಿಸಿ ಬಿಟ್ಟರೋ ಅಥವಾ ತಲೆಮಾರುಗಳ ಕಾಲ ಅಲ್ಲಿಗೇ ಬಂದರೋ ಎಂಬುದರ ಸುಳಿವು ಆ ಮೂರು ಪಾಲುಗಳಲ್ಲಿತ್ತು. ನಾನು ಬರೆದುಕೊಂಡ ಒಟ್ಟು ತೂಕದಲ್ಲಿ ಅದು ಇರಲಿಲ್ಲ. ಯಾವ ಕಲ್ಲು ಯಾವ ಪದರದ್ದೆಂಬುದು ಗುಡ್ಡೆಯಲ್ಲಿ ಕಲಸಿಹೋಗಿತ್ತು. ಮುಂದಿನ ಒಂದೂವರೆ ದಿನ ಗುಡ್ಡೆ ಕೆದಕಿ ಕಲ್ಲು ಹೆಕ್ಕಿದೆ, ಆದರೂ ಮೊದಲ ಎರಡು ಪದರಗಳನ್ನು ಬೇರ್ಪಡಿಸಲಾಗಲಿಲ್ಲ. ಅಂದಿನಿಂದ ನಮ್ಮ ನಮೂನೆಯಲ್ಲಿ ಕಲ್ಲಿನ ಗಾತ್ರಕ್ಕೆ ಮೂರು ಅಂಕಣಗಳು ಸೇರಿದವು.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹಿರಿಯರು ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳುತ್ತಿದ್ದರು. ಒಂದು ದಿನ ಅದನ್ನು ಫೋನಿನಲ್ಲಿ ಸೆರೆಹಿಡಿದು ಗೆಳೆಯರಿಗೆ ಕಳುಹಿಸಿದೆ. ಕಚೇರಿಯವರು ನನ್ನನ್ನು ಬೈಯಲಿಲ್ಲ. ಅಳಿಸು, ಯಾರಿಗೆ ಕಳುಹಿಸಿದೆಯೋ ಅವರಿಂದಲೂ ಅಳಿಸಿಸು ಎಂದಷ್ಟೇ ಹೇಳಿದರು. ಒಬ್ಬೊಬ್ಬರಿಗೂ ಕರೆ ಮಾಡಿ ಕಾರಣ ವಿವರಿಸುವಾಗ ಆದ ನಾಚಿಕೆ ಬೈಗುಳಕ್ಕಿಂತ ಜೋರಾಗಿತ್ತು. ಆ ಮಾತುಗಳಲ್ಲಿ ಏನಿತ್ತೆಂದು ಇಲ್ಲಿಯೂ ಬರೆಯುವುದಿಲ್ಲ.

ಕೊನೆಯ ವಾರ ಗುಂಡಿಗಳನ್ನು ಮುಚ್ಚಿದೆವು. ತೂಗಿ ಅಳೆದ ಕಲ್ಲುಗಳನ್ನೂ ಅದೇ ಗುಂಡಿಗೆ ಹಿಂತಿರುಗಿಸಿ, ಕತ್ತರಿಸಿ ಪಕ್ಕಕ್ಕಿಟ್ಟಿದ್ದ ಹುಲ್ಲಿನ ಹೊದಿಕೆಯನ್ನು ಮೇಲೆ ಹಾಸಿ ನೀರು ಹಾಕಿದೆವು. ಅಲ್ಲಿಂದ ಹೊರಗೆ ಬಂದದ್ದು ಇದ್ದಿಲ ಚೂರುಗಳ ಎರಡು ಪೊಟ್ಟಣ ಮಾತ್ರ, ಅದೂ ಕಾಲನಿರ್ಣಯಕ್ಕಾಗಿ ಲಿಖಿತ ಒಪ್ಪಿಗೆ ಪಡೆದ ಮೇಲೆ. ಅದರ ಫಲಿತಾಂಶ ಮೊದಲು ತಲುಪುವುದು ಬುಡಕಟ್ಟಿನ ಕಚೇರಿಗೆ. ನನ್ನ ಪ್ರಬಂಧದ ಕ್ಯಾಮಸ್ ಒಲೆಯ ಅಧ್ಯಾಯವನ್ನೂ ಅವರಿಗೇ ಮೊದಲು ಕಳುಹಿಸಿದ್ದೆ. ಯಾವ ಮನೆತನದವರು ಯಾವ ಕಡೆ ಗಡ್ಡೆ ಕೀಳುತ್ತಿದ್ದರು ಎಂದು ಆ ಹಿರಿಯರಿಂದ ಕೇಳಿ ಬರೆದಿದ್ದ ಎರಡು ಪುಟಗಳಿಗೆ ಕೆಂಪು ಗೆರೆ ಎಳೆದು ಹಿಂದಿರುಗಿಸಿದ್ದಾರೆ. ಅವನ್ನು ತೆಗೆದರೆ ಅಧ್ಯಾಯದ ವಾದ ಸ್ವಲ್ಪ ಸೊರಗುತ್ತದೆ. ತೆಗೆದು, ಉಳಿದದ್ದನ್ನು ಕಲ್ಲಿನ ಅಳತೆಗಳ ಮೇಲೆ ನಿಲ್ಲಿಸಲು ಈಗ ತಿದ್ದಿ ಬರೆಯುತ್ತಿದ್ದೇನೆ.